ಕಡಲ ತಳದ ಕಡತ

ಅಚ್ಚಾದ ಲೆಕ್ಕದ ಪುಸ್ತಕಗಳು ಬರುವುದಕ್ಕೆ ಮೊದಲು ನಮ್ಮ ನಾಡಿನ ಶಾನುಭೋಗರೂ ವರ್ತಕರೂ ಮಠಗಳ ಪಾರುಪತ್ಯಗಾರರೂ ಕಡತಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬೆಳ್ಳಗೆ ಬರೆಯುವುದು ಅದರ ಕ್ರಮ. ಶೃಂಗೇರಿ ಮಠದ ಕಡತಗಳಿಂದ ಇತಿಹಾಸಕಾರರಿಗೆ ದೊರೆತಿರುವ ಸಾಮಗ್ರಿ ಅಲ್ಪವಲ್ಲ. ನಾನು ಈಗ ಹೇಳಹೊರಟಿರುವುದು ಅವೆಲ್ಲಕ್ಕಿಂತಲೂ ಹಳೆಯದಾದ ಒಂದು ಕಡತದ ಕಥೆ. ಅದು ನಮ್ಮ ಪಶ್ಚಿಮ ಕರಾವಳಿಯ ಆಚೆಗೆ, ಅರಬ್ಬೀ ಸಮುದ್ರದ ತಳದಲ್ಲಿ, ಪದರ ಪದರವಾಗಿ ಬಿದ್ದುಕೊಂಡಿದೆ. ಅದರ ಕರಿಯ ಮೈ ನದಿಗಳು ತಂದು ಸುರಿದ ಕೆಸರು; ಅದರ ಮೇಲಿನ ಬಿಳಿಯ ಬರಹ ಸುಣ್ಣ.

ನಾನು ಭೂವಿಜ್ಞಾನದ ಪಂಡಿತನಲ್ಲ, ಇತಿಹಾಸದ ಓದುಗ. ಹಲ್ಮಿಡಿಯ ಶಾಸನದಿಂದ ಈಚೆಗೆ ಕನ್ನಡಕ್ಕೆ ಬರಹದ ದಾಖಲೆಯುಂಟು. ಅದು ಹೆಚ್ಚೆಂದರೆ ಹದಿನಾರು ಶತಮಾನಗಳ ಮಾತು. ಅದಕ್ಕೂ ಹಿಂದೆ ಈ ಕರಾವಳಿ ಎಲ್ಲಿತ್ತು, ಮುಂಗಾರು ಹೇಗೆ ಸುರಿಯುತ್ತಿತ್ತು ಎಂದು ಕೇಳಿದರೆ ಕಲ್ಲಿನ ಶಾಸನವೂ ತಾಮ್ರದ ಪಟವೂ ಮೌನವಾಗುತ್ತವೆ. ಉತ್ತರ ಹೇಳುವುದು ಕಡಲಡಿಯ ಕೆಸರು. ಆದರೆ ಅದನ್ನು ಓದಲು ಮನುಷ್ಯನು ಕಲಿತದ್ದು ಬಹಳ ಈಚೆಗೆ. ಆ ಕಲಿಕೆಯ ಕಥೆಯೇ ಒಂದು ಇತಿಹಾಸ.

ಸುಣ್ಣ ನಮಗೆ ಹೊಸ ವಸ್ತುವಲ್ಲ. ಅಡಕೆ ಎಲೆಗೆ ಅದು ಬೇಕು, ಮನೆಯ ಗೋಡೆಗೆ ಅದು ಬೇಕು. ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ತಲೆತಲಾಂತರದಿಂದ ಬಂದ ಕಸುಬು. ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣದ ಧಾತು ಇಂಗಾಲಾಮ್ಲ ಅನಿಲದೊಡನೆ ಕೂಡಿ ಆದ ವಸ್ತು. ಬೆಂಕಿ ಆ ಅನಿಲವನ್ನು ಹೊರಗಟ್ಟುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಅದನ್ನು ಮತ್ತೆ ಎಳೆದುಕೊಂಡು ಕಲ್ಲಾಗುತ್ತದೆ. ಈ ಲೇಖನದುದ್ದಕ್ಕೂ ಸುಣ್ಣವೆಂದು ನಾನು ಕರೆಯುವುದು ಸುಡದೆ ಇರುವ ಈ ಕಾರ್ಬೊನೇಟನ್ನೇ.

ಇದರಲ್ಲಿಯೂ ಜಾತಿಗಳುಂಟು. ಒಂದೇ ಅಕ್ಕಿಹಿಟ್ಟಿನಿಂದ ರೊಟ್ಟಿಯನ್ನೂ ಕಡುಬನ್ನೂ ಮಾಡುವಂತೆ, ಪ್ರಕೃತಿ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಎರಡು ಖನಿಜಗಳನ್ನು ಮಾಡಿದೆ. ಒಂದು ಕ್ಯಾಲ್ಸೈಟು, ಇನ್ನೊಂದು, ಸ್ಪೇನ್ ದೇಶದ ಮೊಲೀನಾ ದೆ ಅರಗೋನ್ ಎಂಬ ಊರಿನಿಂದ ಹೆಸರು ಪಡೆದ ಅರಗೊನೈಟು. ಧಾತುಗಳು ಅವೇ, ಅಣುಗಳ ಜೋಡಣೆ ಬೇರೆ. ಕ್ಯಾಲ್ಸೈಟು ಗಟ್ಟಿ ಜೀವ. ಅರಗೊನೈಟು ಸುಲಭವಾಗಿ ಕರಗುತ್ತದೆ. ಮ್ಯಾಗ್ನೀಸಿಯಂ ಸೇರಿದರೆ ಡಾಲೊಮೈಟು ಎಂಬ ಮೂರನೆಯದು ಆಗುತ್ತದೆ. ಕಡಲ ಕೆಸರಿನ ಒಂದು ಚಿಟಿಕೆಗೆ ಆಮ್ಲ ಹನಿಸಿದರೆ ನೊರೆಯೆದ್ದು, ಸುಣ್ಣವಿದೆಯೆಂದು ಗೊತ್ತಾಗುತ್ತದೆ. ಯಾವ ಜಾತಿಯ ಸುಣ್ಣವೆಂದು ತಿಳಿಯಲು ಕ್ಷ-ಕಿರಣಗಳ ಸಹಾಯ ಬೇಕು. ಯಾವುದು ಎಷ್ಟಿದೆ, ಎಷ್ಟು ಉಳಿದಿದೆ, ಎಷ್ಟು ಕರಗಿಹೋಗಿದೆ ಎಂಬುದರಲ್ಲಿಯೇ ಕಡತದ ಅರ್ಥವೆಲ್ಲ ಅಡಗಿದೆ.

ಆಳವಾದ ಕಡಲಿನ ತಳದಿಂದ ಮೊದಲು ಕೆಸರನ್ನು ಎತ್ತಿದವರಿಗೆ ಇತಿಹಾಸದ ಗೊಡವೆ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ತಂತಿ ಹಾಕುವ ದಾರಿ. ಅಮೆರಿಕದ ನೌಕಾದಳದ ಜಾನ್ ಬ್ರೂಕ್ ಎಂಬ ತರುಣ ಅಧಿಕಾರಿ ೧೮೫೩ರ ಸುಮಾರಿಗೆ ಒಂದು ಸಾಧನವನ್ನು ರಚಿಸಿದ. ಆಳ ನೋಡುವ ಹುರಿಯ ತುದಿಯ ಗುಂಡು ತಳಕ್ಕೆ ತಾಗಿದೊಡನೆ ಕಳಚಿಕೊಂಡು ಅಲ್ಲಿಯೇ ಉಳಿಯುವುದು. ಹಗುರವಾದ ಕೊಳವೆ ಮಾತ್ರ ಒಂದಿಷ್ಟು ಕೆಸರನ್ನು ಕಚ್ಚಿಕೊಂಡು ಮೇಲೆ ಬರುವುದು. ಎರಡು ಸಾವಿರ ಮಾರಿಗೂ ಹೆಚ್ಚು ಆಳದಿಂದ ಹೀಗೆ ಬಂದ ಕೆಸರು ವೆಸ್ಟ್ ಪಾಯಿಂಟಿನ ಬೇಲಿ ಎಂಬ ಪ್ರಾಧ್ಯಾಪಕರ ಸೂಕ್ಷ್ಮದರ್ಶಕದ ಕೆಳಗೆ ಸೇರಿತು. ಮರಳಿರಬಹುದು, ಜಲ್ಲಿಯಿರಬಹುದು ಎಂದು ನೋಡಿದರೆ ಅಲ್ಲಿ ಅವು ಯಾವುವೂ ಇರಲಿಲ್ಲ. ಇದ್ದುದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು! ನೀರಿನ ಮೇಲ್ಭಾಗದಲ್ಲಿ ತೇಲಿ ಬಾಳಿ ಸತ್ತ ಗ್ಲೋಬಿಜೆರೀನ ಎಂಬ ಒಂಟಿಕೋಶದ ಜೀವಿಗಳ ಸುಣ್ಣದ ಮನೆಗಳು ಕೆಳಗೆ ಹಿಮದಂತೆ ಉದುರಿ ಬಿದ್ದಿದ್ದವು.

೧೮೫೭ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿಗೆ ತಂತಿ ಎಳೆಯುವ ಉದ್ದೇಶದಿಂದ ಬ್ರಿಟಿಷರ ‘ಸೈಕ್ಲಾಪ್ಸ್’ ಹಡಗು ಅಟ್ಲಾಂಟಿಕ್ ಸಾಗರದ ಆಳವನ್ನು ಅಳೆದು ಬಂತು. ಅದು ತಂದ ಕೆಸರನ್ನು ಪರೀಕ್ಷಿಸಿದವನು ಡಾರ್ವಿನ್ನನ ಪಕ್ಷದ ಮಹಾವಾದಿ ಥಾಮಸ್ ಹಕ್ಸ್‌ಲಿ. ೧೮೬೮ರಲ್ಲಿ ಅವನು ನಾರಿಚ್ ಪಟ್ಟಣದ ಕೂಲಿಕಾರರ ಮುಂದೆ ಒಂದು ಚೂರು ಸೀಮೆಸುಣ್ಣವನ್ನು ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಡಿದ. ಇಂಗ್ಲೆಂಡಿನ ಬಿಳಿಯ ಸುಣ್ಣದ ಬಂಡೆಗಳೂ ಅಟ್ಲಾಂಟಿಕ್ ತಳದ ಕೆಸರೂ ಬಂಧುಗಳು, ಬಡಗಿಯ ಜೇಬಿನಲ್ಲಿರುವ ಸುಣ್ಣದ ತುಂಡು ಒಂದಾನೊಂದು ಕಾಲದ ಕಡಲ ತಳ ಎಂಬುದು ಅದರ ಸಾರಾಂಶ. ಸಾಮಾನ್ಯ ಜನಕ್ಕೆ ವಿಜ್ಞಾನವನ್ನು ಹೇಳುವ ಕಲೆಗೆ ಇಂದಿಗೂ ಅದನ್ನು ಮಾದರಿಯಾಗಿ ತೋರಿಸುತ್ತಾರೆ.

ಅದೇ ವರ್ಷ ಅದೇ ಹಕ್ಸ್‌ಲಿ ಅದೇ ಕೆಸರಿನಿಂದ ಮೋಸಹೋದದ್ದೂ ಉಂಟು. ಸಾರಾಯಿಯಲ್ಲಿ ಅದ್ದಿಟ್ಟಿದ್ದ ಹಳೆಯ ಕೆಸರಿನಲ್ಲಿ ಲೋಳೆಯಂತಹ ಪದಾರ್ಥವೊಂದು ಕಾಣಿಸಿತು. ಇದು ಕಡಲ ತಳವನ್ನೆಲ್ಲ ಹಾಸಿಕೊಂಡಿರುವ ಆದಿಜೀವವೆಂದು ಭಾವಿಸಿ ಅವನು ಅದಕ್ಕೆ ‘ಬ್ಯಾಥಿಬಿಯಸ್’ ಎಂದು ನಾಮಕರಣ ಮಾಡಿದ. ಪಂಡಿತರಲ್ಲಿ ದೊಡ್ಡ ಸಂಭ್ರಮವಾಯಿತು. ಏಳು ವರ್ಷಗಳಾದ ಮೇಲೆ ‘ಚಾಲೆಂಜರ್’ ಹಡಗಿನ ರಸಾಯನಶಾಸ್ತ್ರಜ್ಞ ಬುಕ್ಯಾನನ್ ಸತ್ಯವನ್ನು ಬಯಲಿಗೆ ತಂದ. ಕಡಲ ನೀರಿಗೆ ಸಾರಾಯಿ ಬೆರೆಸಿದರೆ ಕ್ಯಾಲ್ಸಿಯಂ ಸಲ್ಫೇಟು ಲೋಳೆಯಾಗಿ ಕೆಳಗೆ ಕೂಡುತ್ತದೆ. ಆದಿಜೀವವೆಂಬುದು ಸೀಸೆಯಲ್ಲಿ ಹುಟ್ಟಿದ ಜಿಪ್ಸಮ್ಮು! ಹಕ್ಸ್‌ಲಿ ೧೮೭೫ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡ. ಕೆಸರನ್ನು ಓದುವವನು ಅದು ಕಡಲಲ್ಲಿ ಹೇಗಿತ್ತು, ಕೈಗೆ ಬಂದ ಮೇಲೆ ಏನಾಯಿತು ಎಂಬ ಎರಡನ್ನೂ ವಿಚಾರಿಸಬೇಕೆಂಬ ಪಾಠವನ್ನು ವಿಜ್ಞಾನ ಅಂದು ಕಲಿಯಿತು.

‘ಚಾಲೆಂಜರ್’ ಹಡಗು ೧೮೭೨ರ ಡಿಸೆಂಬರಿನಲ್ಲಿ ಪೋರ್ಟ್ಸ್‌ಮತ್ ಬಂದರನ್ನು ಬಿಟ್ಟು ೧೮೭೬ರ ಮೇ ತಿಂಗಳಲ್ಲಿ ಹಿಂದಿರುಗಿತು. ಸುಮಾರು ೬೯,೦೦೦ ನಾವಿಕ ಮೈಲಿಗಳ ಪ್ರಯಾಣ. ಅದರ ವರದಿ ೫೦ ಸಂಪುಟಗಳಷ್ಟು. ಅದರಲ್ಲಿದ್ದ ಜಾನ್ ಮರೆ ಎಂಬ ವಿಜ್ಞಾನಿ ಬೆಲ್ಜಿಯಮ್ಮಿನ ರೆನಾರ್ ಎಂಬುವರೊಡನೆ ಸೇರಿ ೧೮೯೧ರಲ್ಲಿ ಕಡಲಡಿಯ ಕೆಸರುಗಳ ಮೇಲೆ ಹೊರತಂದ ಸಂಪುಟವೇ ಈ ಶಾಸ್ತ್ರದ ಮೂಲಗ್ರಂಥ. ಅವರು ಕಂಡ ಒಂದು ಸಂಗತಿ ವಿಚಿತ್ರವಾಗಿತ್ತು. ಮೇಲಿನ ನೀರಿನಲ್ಲಿ ಎಲ್ಲೆಲ್ಲೂ ಗ್ಲೋಬಿಜೆರೀನಗಳಿದ್ದರೂ, ತಳ ಒಂದು ಆಳವನ್ನು ಮೀರಿದರೆ ಅಲ್ಲಿ ಸುಣ್ಣದ ಸುಳಿವೇ ಇರದು. ಬರಿಯ ಕೆಂಪು ಜೇಡಿ. ಆಳದ ತಣ್ಣೀರಿನಲ್ಲಿ ಇಂಗಾಲಾಮ್ಲ ಹೆಚ್ಚು, ಒತ್ತಡವೂ ಹೆಚ್ಚು. ಅಲ್ಲಿಗೆ ಇಳಿದ ಚಿಪ್ಪು ಕರಗಿಹೋಗುತ್ತದೆ. ಹಿಮಾಲಯದ ಶಿಖರಗಳು ಬೆಳ್ಳಗಿದ್ದು ಕೆಳಗಿನ ಇಳಿಜಾರು ಬರಿದಾಗಿರುವಂತೆ ಕಡಲಡಿಯ ಬೆಟ್ಟಗಳಿಗೂ ಒಂದು ಹಿಮರೇಖೆಯುಂಟು. ಹೆಚ್ಚು ಕಡಿಮೆ ನಾಲ್ಕೈದು ಸಾವಿರ ಮೀಟರಿನ ಆಳದಲ್ಲಿ ಅದು ಹಾದುಹೋಗುತ್ತದೆ. ಅರಗೊನೈಟಿನ ರೇಖೆ ಅದಕ್ಕಿಂತ ಬಹಳ ಮೇಲೆ.

ಆದರೆ ‘ಚಾಲೆಂಜರ್’ ನಮ್ಮ ಕಡಲಿಗೆ ಬರಲಿಲ್ಲ. ಹಿಂದೂ ಮಹಾಸಾಗರದ ತೆಂಕಣ ಅಂಚನ್ನಷ್ಟೇ ಸವರಿಕೊಂಡು ಹೋಯಿತು. ಅರಬ್ಬೀ ಸಮುದ್ರದ ತಳವನ್ನು ಕ್ರಮವಾಗಿ ಶೋಧಿಸಲು ದುಡ್ಡು ಒದಗಿದ ಬಗೆ ಕೇಳತಕ್ಕದ್ದಾಗಿದೆ. ಜಾವಾದ ದಕ್ಷಿಣಕ್ಕಿರುವ ಕ್ರಿಸ್‌ಮಸ್ ದ್ವೀಪದಿಂದ ಬಂದ ಒಂದು ಕಲ್ಲಿನ ಚೂರನ್ನು ೧೮೮೭ರಲ್ಲಿ ಮರೆ ಪರೀಕ್ಷಿಸಿದ. ಅದು ಉತ್ತಮ ದರ್ಜೆಯ ಫಾಸ್ಫೇಟು, ಹೊಲಗಳಿಗೆ ಗೊಬ್ಬರ. ಮರು ವರ್ಷವೇ ಬ್ರಿಟನ್ ಆ ದ್ವೀಪವನ್ನು ತನ್ನದೆಂದು ಸಾರಿತು. ಮರೆ ಅದರ ಗುತ್ತಿಗೆ ಪಡೆದು ಶ್ರೀಮಂತನಾದ. ಅಲ್ಲಿಂದ ಸರ್ಕಾರಕ್ಕೆ ಸಂದ ಹಣ ‘ಚಾಲೆಂಜರ್’ ಯಾನದ ವೆಚ್ಚವನ್ನೂ ಮೀರಿತೆಂದು ಅವನು ಹೆಮ್ಮೆಪಟ್ಟುಕೊಂಡದ್ದುಂಟು. ಆ ಕಲ್ಲನ್ನು ಅಗೆದ ಚೀನೀ ಕೂಲಿಗಳಲ್ಲಿ ನೂರಾರು ಮಂದಿ ಬೆರಿಬೆರಿ ರೋಗದಿಂದ ಸತ್ತದ್ದನ್ನೂ ಆ ಲೆಕ್ಕದ ಇನ್ನೊಂದು ಕಲಮಿನಲ್ಲಿ ಬರೆಯುವುದು ನ್ಯಾಯ. ೧೯೧೪ರಲ್ಲಿ ಮರೆ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ನಿಧಿಯಿಂದ ೧೯೩೩ರಲ್ಲಿ ಅರಬ್ಬೀ ಸಮುದ್ರಕ್ಕೆ ಒಂದು ಶೋಧಯಾತ್ರೆ ಹೊರಟಿತು.

ಹಡಗು ಈಜಿಪ್ಟಿನದು, ಹೆಸರು ‘ಮಬಾಹಿಸ್’. ನಾಯಕರು ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸೀಮೋರ್ ಸ್ಯೂವೆಲ್. ೧೯೩೩ರ ಸೆಪ್ಟೆಂಬರಿನಿಂದ ೧೯೩೪ರ ಮೇ ವರೆಗೆ ಈ ಚಿಕ್ಕ ಹಡಗು ಏಡನ್ನು, ಕರಾಚಿ, ಮುಂಬಯಿ, ಕೊಲಂಬೊ, ಜಾಂಜಿಬಾರುಗಳ ನಡುವೆ ಓಡಾಡಿತು. ಕಡಲಡಿಯಲ್ಲಿ ಒಂದು ಪರ್ವತಶ್ರೇಣಿಯನ್ನೇ ಅದು ಕಂಡುಹಿಡಿಯಿತು. ಅದಕ್ಕೆ ಮರೆಯ ಹೆಸರೇ ನಿಂತಿದೆ. ಅದಕ್ಕಿಂತ ಮುಖ್ಯವಾದದ್ದು ಅರೇಬಿಯದ ಕರೆಯ ಇಳಿಜಾರಿನಲ್ಲಿ ಬಲೆಗೆ ಸಿಕ್ಕಿದ ಹಸುರು ಕೆಸರು. ಕೊಳೆತ ಮೊಟ್ಟೆಯ ನಾತ. ಒಂದು ಜೀವಿಯೂ ಇಲ್ಲ. ಅರಬ್ಬೀ ಸಮುದ್ರದ ನಡುವಣ ಆಳದಲ್ಲಿ ಪ್ರಾಣವಾಯು ಬಹು ವಿರಳವೆಂಬುದು ಹೀಗೆ ತಿಳಿಯಿತು. ನಮ್ಮ ಕರಾವಳಿಯ ಇಳಿಜಾರಿನಲ್ಲಿಯೂ ಇದೇ ಸ್ಥಿತಿ. ಮೀನಿಗೆ ಇದು ದುಃಖದ ಸಂಗತಿ, ಇತಿಹಾಸಕ್ಕೆ ಲಾಭ. ಕೆಸರನ್ನು ಕಲಕುವ ಹುಳುಗಳಿಲ್ಲದ ಕಡೆ ಪದರಗಳು ಹಾಕಿದಂತೆಯೇ ಉಳಿಯುತ್ತವೆ. ಗೆದ್ದಲು ತಿನ್ನದ ಕಡತ!

ಇಷ್ಟರವರೆಗೆ ಸಿಕ್ಕಿದ್ದು ಕಡತದ ಮೇಲಿನ ಮಡಿಕೆ ಮಾತ್ರ. ತಳವನ್ನು ಕೆರೆದು ತೆಗೆದ ಕೆಸರು ಭೂಗೋಳವನ್ನು ಹೇಳೀತು; ಇತಿಹಾಸವನ್ನು ಹೇಳದು. ಅದಕ್ಕೆ ಕೆಸರಿನೊಳಕ್ಕೆ ಕೊಳವೆ ಇಳಿಸಿ, ಮೇಲಿನದು ಮೇಲೆ ಕೆಳಗಿನದು ಕೆಳಗೆ ಇರುವಂತೆಯೇ ಒಂದು ಕಂಬವಾಗಿ ಎತ್ತಬೇಕು. ಆಳ ಕಡಲಿನಲ್ಲಿ ಕೆಸರು ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರು ಕೂಡಿದರೆ ಹೆಚ್ಚು. ಆದುದರಿಂದ ಒಂದು ಮೊಳ ಕೆಸರೆಂದರೆ ಹತ್ತಾರು ಸಾವಿರ ವರ್ಷ. ಜರ್ಮನಿಯ ‘ಮಿಟಿಯೊರ್’ ಹಡಗು ೧೯೨೫ರಿಂದ ೧೯೨೭ರ ವರೆಗೆ ಅಟ್ಲಾಂಟಿಕ್ಕಿನಲ್ಲಿ ಎತ್ತಿದ ಗಿಡ್ಡ ಕಂಬಗಳನ್ನು ನೋಡಿ ವೋಲ್ಫ್‌ಗಾಂಗ್ ಶಾಟ್ ಎಂಬ ವಿದ್ವಾಂಸರು ೧೯೩೫ರಲ್ಲಿ ಒಂದು ವಿಷಯವನ್ನು ತೋರಿಸಿದರು. ಬೆಚ್ಚನೆಯ ನೀರಿನಲ್ಲಿ ಬಾಳುವ ಒಂದು ಜಾತಿಯ ಚಿಪ್ಪು ಮೇಲಿನ ಪದರದಲ್ಲಿದೆ, ಅದರ ಕೆಳಗೆ ಇಲ್ಲ, ಇನ್ನೂ ಕೆಳಗೆ ಮತ್ತೆ ಇದೆ. ನಡುವೆ ಇಲ್ಲದ ಕಾಲವೇ ಹಿಮಯುಗ.

ಸ್ವೀಡನ್ನಿನ ಕುಲೆನ್‌ಬರ್ಗ್ ಎಂಬುವರು ೧೯೪೦ರ ದಶಕದಲ್ಲಿ ಹೋಳಿಯ ಪಿಚಕಾರಿಯ ತತ್ತ್ವವನ್ನು ಇದಕ್ಕೆ ಅಳವಡಿಸಿದರು. ಕೊಳವೆ ಕೆಸರಿನೊಳಕ್ಕೆ ಇಳಿಯುವಾಗ ಅದರೊಳಗಿನ ಬೆಣೆ ತಳದ ಮಟ್ಟದಲ್ಲಿಯೇ ನಿಂತು ಕೆಸರನ್ನು ಹೀರಿ ಹಿಡಿಯುತ್ತದೆ. ೧೯೪೭-೪೮ರಲ್ಲಿ ‘ಆಲ್ಬಟ್ರಾಸ್’ ಹಡಗು ಈ ಉಪಾಯದಿಂದ ಭೂಮಿಯನ್ನು ಸುತ್ತಿ ಹತ್ತು ಮೀಟರಿಗೂ ಮೀರಿದ ಕಂಬಗಳನ್ನು ತಂದಿತು. ಅದರಲ್ಲಿದ್ದ ಅರೇನಿಯಸ್ ೧೯೫೨ರಲ್ಲಿ ಪೂರ್ವ ಪೆಸಿಫಿಕ್ ಕಂಬಗಳಲ್ಲಿ ಸುಣ್ಣದ ಪ್ರಮಾಣ ಏರಿಳಿಯುವುದನ್ನು ಅಳೆದು, ಈ ಏರಿಳಿತ ಹಿಮಯುಗಗಳ ತಾಳಕ್ಕೆ ನಡೆಯುತ್ತದೆಂದು ತೋರಿಸಿದರು. ೧೯೫೫ರಲ್ಲಿ ಎಮಿಲಿಯಾನಿ ಚಿಪ್ಪುಗಳೊಳಗಿನ ಆಮ್ಲಜನಕದ ಸಮಸ್ಥಾನಿಗಳನ್ನು ತೂಗಿ ಹಿಮಯುಗಗಳ ಸರಣಿಯನ್ನೇ ಬಿಡಿಸಿಟ್ಟರು. ಸುಣ್ಣ ಹೀಗೆ ಪಂಚಾಂಗವಾಯಿತು.

ಇನ್ನು ನಮ್ಮ ಕರಾವಳಿಗೆ ಬರೋಣ. ೧೯೫೯ರಿಂದ ೧೯೬೫ರ ವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹನ್ನೆರಡಕ್ಕೂ ಹೆಚ್ಚು ದೇಶಗಳ ಸುಮಾರು ನಲವತ್ತು ಹಡಗುಗಳು ಭಾಗವಹಿಸಿದವು. ನಮ್ಮ ನೌಕಾದಳದ ‘ಕಿಸ್ತ್ನಾ’ ಕೂಡ ಅವುಗಳಲ್ಲಿ ಒಂದು. ಹೊಸ ‘ಮಿಟಿಯೊರ್’ ಹಡಗು ೧೯೬೫ರಲ್ಲಿ ನಮ್ಮ ಪಶ್ಚಿಮ ತೀರದಿಂದ ಕೆಸರುಗಂಬಗಳನ್ನು ಜರ್ಮನಿಗೆ ಕೊಂಡೊಯ್ದಿತು. ಯಾತ್ರೆ ಮುಗಿದ ಮೇಲೆ, ಈ ಕಡಲಿನ ಓದು ಪರರ ಹಡಗಿನಲ್ಲಿಯೇ ನಡೆಯಬೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಪಣಿಕ್ಕರ್ ಅವರು ಅದರ ಮೊದಲ ನಿರ್ದೇಶಕರು; ಗೋವೆಯ ದೋನಾ ಪಾವ್ಲ ಅದರ ನೆಲೆಯಾಯಿತು. ೧೯೭೬ರಲ್ಲಿ ‘ಗವೇಷಣಿ’, ೧೯೮೩ರಲ್ಲಿ ‘ಸಾಗರ ಕನ್ಯಾ’ ಹಡಗುಗಳು ಬಂದವು.

ಖಂಡದ ನೆಲ ನೀರಂಚಿನಲ್ಲಿ ಮುಗಿಯುವುದಿಲ್ಲ. ನೀರಿನ ಕೆಳಗೆ ಅದು ಒಂದು ಅಗಲವಾದ ಜಗಲಿಯಂತೆ ಮುಂದುವರಿದು, ಸುಮಾರು ನೂರು ಮೀಟರು ಆಳದ ಬಳಿ ಥಟ್ಟನೆ ಇಳಿಜಾರಾಗುತ್ತದೆ. ಈ ಜಗಲಿಗೆ ಖಂಡಾವರಣವೆಂದು ಹೆಸರು. ಮುಂಬಯಿಯ ಎದುರಿಗೆ ಅದು ಮುನ್ನೂರು ಕಿಲೋಮೀಟರಿನಷ್ಟು ಹರಡಿದೆ. ತೆಂಕಣಕ್ಕೆ ಬಂದಂತೆ ಕಿರಿದಾಗುತ್ತದೆ. ಈ ಜಗಲಿಯಲ್ಲಿ ಎರಡು ಪಟ್ಟಿಗಳಿವೆ. ದಡದಿಂದ ಸುಮಾರು ಐವತ್ತು ಮೀಟರು ಆಳದ ವರೆಗೆ ಕಪ್ಪು ಹಸುರಿನ ನುಣ್ಣನೆಯ ಕೆಸರು. ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಘಟ್ಟದಿಂದ ಇಳಿಸಿದ ಮಣ್ಣು. ಅದರಾಚೆಗೆ ದೃಶ್ಯ ಬದಲಾಗುತ್ತದೆ. ಮಣ್ಣು ಕಡಿಮೆಯಾಗಿ ಸುಣ್ಣದ ಮರಳು ಹೆಚ್ಚುತ್ತದೆ; ಚಿಪ್ಪಿನ ಚೂರು, ಹವಳದ ಚೂರು, ಸುಣ್ಣ ಕಟ್ಟುವ ಪಾಚಿಯ ತುಣುಕು.

ಇವುಗಳ ನಡುವೆ ಸಾಸಿವೆಯಷ್ಟು ದುಂಡಗಿನ ಕಾಳುಗಳಿವೆ. ಊಯಿಡ್ ಎಂದು ಶಾಸ್ತ್ರಜ್ಞರು ಹೇಳುವ ಇವು ಅರಗೊನೈಟಿನವು. ನಡುವೆ ಒಂದು ಮರಳಿನ ಕಣ, ಅದರ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಸುತ್ತು ಸುತ್ತಾಗಿ ಸುಣ್ಣ. ನೋಡಲು ಮೀನಿನ ಮೊಟ್ಟೆ. ಇಂದಿಗೂ ಇವು ಬಹಾಮಾ ದ್ವೀಪಗಳ ಬಳಿಯಲ್ಲಿಯೂ ಪರ್ಷಿಯಾ ಕೊಲ್ಲಿಯಲ್ಲಿಯೂ ಹುಟ್ಟುತ್ತಿವೆ. ಎಂತಹ ನೀರಿನಲ್ಲಿ? ಬೆಚ್ಚನೆಯ, ತಿಳಿಯಾದ, ಆಳು ಮುಳುಗುವಷ್ಟೂ ಆಳವಿಲ್ಲದ ಅಥವಾ ಸ್ವಲ್ಪವೇ ಹೆಚ್ಚು ಆಳದ, ಅಲೆ ಹೊರಳಾಡಿಸುವ ನೀರಿನಲ್ಲಿ. ಹಾಗಾದರೆ ನಮ್ಮ ಕಡಲಿನಲ್ಲಿ ಅರುವತ್ತು, ಎಂಬತ್ತು ಮೀಟರು ಆಳದ ಕತ್ತಲಲ್ಲಿ ಇವು ಹೇಗೆ ಬಂದವು? ಅವು ಬರಲಿಲ್ಲ, ಅಲ್ಲಿಯೇ ಹುಟ್ಟಿದವು. ಅಂದು ದಡ ಅಲ್ಲಿತ್ತು. ವಿಕಿರಣ ಇಂಗಾಲದ ವಿಧಾನದಿಂದ ವಯಸ್ಸು ನೋಡಿದರೆ ಬಹುಮಟ್ಟಿಗೆ ಹತ್ತು ಸಾವಿರ ವರ್ಷದ ಆಸುಪಾಸು.

ಗೋವೆಯ ವಿಜ್ಞಾನಿಗಳು ಇಂತಹ ಸಾಕ್ಷಿಗಳನ್ನೆಲ್ಲ ಕೂಡಿಸಿ ೧೯೯೫ರಲ್ಲಿ ಒಂದು ಲೆಕ್ಕ ಕೊಟ್ಟರು. ಸುಮಾರು ೧೪,೫೦೦ ವರ್ಷಗಳ ಹಿಂದೆ ಕಡಲು ಇಂದಿಗಿಂತ ನೂರು ಮೀಟರು ಕೆಳಗಿತ್ತು. ಅಲ್ಲಿಂದ ಏರಿ ಎಂಬತ್ತು ಮೀಟರಿನ ಬಳಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ತಡೆದು ನಿಂತಿತು. ಆಮೇಲೆ, ೧೦,೦೦೦ದಿಂದ ೭,೦೦೦ ವರ್ಷಗಳ ಹಿಂದಿನ ಅವಧಿಯಲ್ಲಿ, ಸಾವಿರ ವರ್ಷಕ್ಕೆ ಇಪ್ಪತ್ತು ಮೀಟರಿನಂತೆ ಏರಿಬಂದು ಇಂದಿನ ಮಟ್ಟದ ಸಮೀಪಕ್ಕೆ ಮುಟ್ಟಿತು. ಉತ್ತರದ ಹಿಮರಾಶಿಗಳು ಕರಗಿದ ನೀರು ನಮ್ಮ ದಡಕ್ಕೆ ತಲಪಿದ ಬಗೆ ಇದು.

ಅಂಕಿಗಳನ್ನು ಅಷ್ಟಕ್ಕೆ ಬಿಡದೆ ಒಂದು ಗುಣಾಕಾರ ಮಾಡೋಣ. ಸಾವಿರಕ್ಕೆ ಇಪ್ಪತ್ತು ಮೀಟರೆಂದರೆ ವರ್ಷಕ್ಕೆ ಎರಡು ಸೆಂಟಿಮೀಟರು, ಕೇಳಲು ಅಲ್ಪ. ಆದರೆ ಆ ಜಗಲಿ ಬಹಳ ಚಪ್ಪಟೆ. ಮೋಟಾಗಿ ಸಾವಿರಕ್ಕೆ ಒಂದರ ಇಳಿಜಾರೆಂದು ಹಿಡಿದರೂ ದಡ ವರ್ಷಕ್ಕೆ ಇಪ್ಪತ್ತು ಮೀಟರು ಹಿಂದೆ ಸರಿಯಬೇಕು. ಅರುವತ್ತು ವರ್ಷದ ಒಂದು ಆಯುಷ್ಯದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು. ಅಜ್ಜ ನಡೆದಾಡಿದ ಬಯಲು ಮೊಮ್ಮಗನ ಕಾಲಕ್ಕೆ ಕಡಲು. ಇಂದು ಮುರ್ಡೇಶ್ವರದ ಎದುರಿಗೆ ಕಾಣುವ ನೇತ್ರಾಣಿ ಅಂದು ದ್ವೀಪವಾಗಿರಲಿಲ್ಲ. ಬಯಲ ನಡುವಿನ ಒಂದು ಗುಡ್ಡ.

ಪರಶುರಾಮನು ಕೊಡಲಿಯೆಸೆದು ಕಡಲನ್ನು ಹಿಂದಕ್ಕಟ್ಟಿ ಈ ನೆಲವನ್ನು ಪಡೆದನೆಂಬುದು ನಮ್ಮ ಕರಾವಳಿಯ ಸ್ಥಳಪುರಾಣ. ಕೆಸರಿನ ಕಡತ ಹೇಳುವುದು ಇದಕ್ಕೆ ವಿರುದ್ಧವಾದ ಕಥೆ: ಕಡಲು ಕೊಟ್ಟದ್ದಕ್ಕಿಂತ ತೆಗೆದುಕೊಂಡದ್ದೇ ಹೆಚ್ಚು. ಪುರಾಣವನ್ನು ಭೂವಿಜ್ಞಾನಕ್ಕೆ ಎಳೆದು ಕಟ್ಟುವುದು ಎರಡಕ್ಕೂ ಅನ್ಯಾಯವೆಂದು ನನ್ನ ಅಭಿಪ್ರಾಯ. ಆದರೆ ಕಡಲ ದಡದ ಗೆರೆ ಶಾಶ್ವತವಲ್ಲ, ಅದು ಚಲಿಸುವ ಗೆರೆ ಎಂಬ ಒಂದು ಮಾತಿನಲ್ಲಿ ಎರಡೂ ಒಮ್ಮತವಾಗಿವೆ.

ಸುಣ್ಣದ ಕಾಳುಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಊಯಿಡ್‌ಗಳಿಗೂ ಹವಳಕ್ಕೂ ತಿಳಿನೀರು ಬೇಕು. ಕದಡಿದ ನೀರು ಬಂದರೆ ಅವುಗಳ ಕೆಲಸ ನಿಲ್ಲುತ್ತದೆ. ಇಂದು ಮುಂಗಾರಿನ ತಿಂಗಳುಗಳಲ್ಲಿ ಮಂಗಳೂರಿನ ಅಳಿವೆಯನ್ನು ಕಂಡವರಿಗೆ ಆ ಕೆಂಪು ನೀರು ಗೊತ್ತು. ಆ ಕಾಲದಲ್ಲಿ ನದಿಗಳ ಬಾಯಿ ಜಗಲಿಯ ಅಂಚಿಗೇ ಹತ್ತಿರವಾಗಿದ್ದರೂ ಅಲ್ಲಿ ಸುಣ್ಣ ಹುಟ್ಟಿತೆಂದರೆ, ನದಿಗಳು ತರುವ ಮಣ್ಣು ಕಡಿಮೆಯಿತ್ತು, ಎಂದರೆ ಮಳೆಯೇ ಕಡಿಮೆಯಿತ್ತು. ಹೀಗೆಂದು ನಾಯರ್ ಮತ್ತು ಹಾಶಿಮಿ ಎಂಬ ಗೋವೆಯ ಸಂಶೋಧಕರು ೧೯೮೦ರಲ್ಲಿ ತರ್ಕಿಸಿದರು. ಮುಂಗಾರು ಬಲಗೊಂಡಂತೆ ಮಣ್ಣು ಇಳಿಯಿತು. ಸುಣ್ಣದ ಪಟ್ಟಿ ಹಳೆಯ ಕಾಲದ ಅವಶೇಷವಾಗಿ ಆಚೆ ಉಳಿಯಿತು. ಅರಬ್ಬೀ ಸಮುದ್ರದ ಬೇರೆ ಸಾಕ್ಷಿಗಳೂ ಇದಕ್ಕೆ ಹೊಂದುತ್ತವೆ. ಇಳಿಜಾರಿನ ಕೆಸರುಗಂಬಗಳಲ್ಲಿ ಕಡಲಚಿಟ್ಟೆಗಳೆಂಬ ತೇಲುವ ಪುಟ್ಟ ಶಂಬುಕಗಳ ಚಿಪ್ಪುಗಳಿರುತ್ತವೆ. ಅವು ಅರಗೊನೈಟಿನವಾದ್ದರಿಂದ ಬೇಗ ಕರಗುತ್ತವೆ. ಮುಂಗಾರು ಬಲವಾಗಿದ್ದ ಕಾಲದಲ್ಲಿ ಕಡಲಿನಲ್ಲಿ ಜೀವರಾಶಿ ಹೆಚ್ಚಿ, ಅದು ಕೊಳೆತು ಆಳದಲ್ಲಿ ಇಂಗಾಲಾಮ್ಲ ಹೆಚ್ಚಿ, ಈ ಚಿಪ್ಪುಗಳು ಅಳಿದವು. ಉತ್ತರದಲ್ಲಿ ಚಳಿ ಹೆಚ್ಚಾಗಿ ಮುಂಗಾರು ಸೊರಗಿದ ಕಾಲದಲ್ಲಿ ಉಳಿದವು. ಅಲ್ಲಿ ಚಿಪ್ಪು ಇಲ್ಲವೆಂಬುದೂ ಒಂದು ಅಕ್ಷರವೇ.

ಕಡತದಲ್ಲಿದ್ದುದೆಲ್ಲ ನಿಜವೆಂದು ನಂಬುವಂತಿಲ್ಲ. ಶಾಸನಗಳಲ್ಲಿ ಕೂಟಶಾಸನಗಳಿರುವಂತೆ ಇಲ್ಲಿಯೂ ಮೋಸವುಂಟು. ಹಳೆಯ ಚಿಪ್ಪು ಅಲೆಗೆ ಸಿಕ್ಕಿ ಹೊಸ ಪದರ ಸೇರಬಹುದು. ಕೆಲವು ಸುಣ್ಣ ಚಿಪ್ಪಿನದೇ ಅಲ್ಲ. ಕೆಸರಿನೊಳಗಿನಿಂದ ಮೇಲೇಳುವ ಮೀಥೇನ್ ಅನಿಲವನ್ನು ಉಂಡು ಬಾಳುವ ಸೂಕ್ಷ್ಮಜೀವಿಗಳ ದೆಸೆಯಿಂದ ಅಲ್ಲಿಯೇ ಗಟ್ಟಿಕಟ್ಟಿದ್ದು. ಎಲ್ಲಕ್ಕಿಂತ ದೊಡ್ಡ ಪಲ್ಲಟ ೨೦೧೫ರಲ್ಲಿ ಕೈಗೆ ಸಿಕ್ಕಿತು. ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ‘ಜಾಯ್ಡಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ನಮ್ಮ ತೀರದಿಂದ ಸುಮಾರು ೪೭೫ ಕಿಲೋಮೀಟರು ಪಶ್ಚಿಮಕ್ಕೆ, ಲಕ್ಷ್ಮೀ ಕೊಳ್ಳದಲ್ಲಿ ನಿಂತು, ಮೂರೂವರೆ ಸಾವಿರ ಮೀಟರಿಗೂ ಹೆಚ್ಚು ನೀರಿನ ಕೆಳಗೆ ಒಂದು ಕಿಲೋಮೀಟರಿಗೂ ಮೀರಿ ಕೊರೆಯಿತು. ಯಾತ್ರೆಯ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಧನಂಜಯ ಪಾಂಡೆಯವರು ಒಬ್ಬರು. ಅಷ್ಟು ಆಳದ ಕಂಬದಲ್ಲಿ ಆಳವಿಲ್ಲದ ನೀರಿನಲ್ಲಿ ಮಾತ್ರ ಹುಟ್ಟುವ ಸುಣ್ಣಗಲ್ಲಿನ ಚೂರುಗಳು ನೂರಾರು ಮೀಟರು ದಪ್ಪದ ರಾಶಿಯಲ್ಲಿ ಬಂದವು! ಸುಮಾರು ಒಂದು ಕೋಟಿ ಎಂಟು ಲಕ್ಷ ವರ್ಷಗಳ ಹಿಂದೆ ಖಂಡಾವರಣದ ಅಂಚು ಕುಸಿದು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಜಾರಿಹೋಗಿತ್ತು. ಆ ಕುಸಿತಕ್ಕೆ ನಟರಾಜನ ಹೆಸರನ್ನಿಟ್ಟಿದ್ದಾರೆ. ಒಂದು ಅಧ್ಯಾಯದ ಹಾಳೆಗಳೆಲ್ಲ ಕಿತ್ತು ಬೇರೊಂದು ಅಧ್ಯಾಯದೊಳಗೆ ಸೇರಿದಂತೆ.

ಇದೆಲ್ಲ ಗತಕಾಲದ ಮಾತೆಂದು ಪತ್ರಿಕೆ ಮಡಿಚಿಡುವ ಹಾಗಿಲ್ಲ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ಸುಮಾರು ೨೮೦ ಪಾಲಿತ್ತು. ಈಗ ೪೨೦ನ್ನು ದಾಟಿದೆ. ನಾವು ಹೊರಬಿಡುವುದರಲ್ಲಿ ಹೆಚ್ಚು ಕಡಿಮೆ ಕಾಲು ಪಾಲನ್ನು ಕಡಲು ನುಂಗುತ್ತದೆ. ನುಂಗಿದಷ್ಟೂ ಅದರ ನೀರು ಸುಣ್ಣಕ್ಕೆ ಪ್ರತಿಕೂಲವಾಗುತ್ತದೆ, ಮೊದಲು ಅರಗೊನೈಟಿಗೆ. ಈಗಿನ ಕಡಲೇರಿಕೆ ವರ್ಷಕ್ಕೆ ನಾಲ್ಕು ಮಿಲಿಮೀಟರಿನಷ್ಟು. ಹತ್ತು ಸಾವಿರ ವರ್ಷಗಳ ಹಿಂದಿನದರ ಐದರಲ್ಲಿ ಒಂದು ಪಾಲು. ಇದರಿಂದ ಸಮಾಧಾನಪಟ್ಟುಕೊಳ್ಳಬಹುದೇ? ಅಂದು ಆ ಬಯಲಿನಲ್ಲಿ ಮುಂಬಯಿ ಇರಲಿಲ್ಲ, ಮಂಗಳೂರು ಇರಲಿಲ್ಲ. ಇದ್ದವರು ಗಂಟುಮೂಟೆ ಕಟ್ಟಿಕೊಂಡು ಪೂರ್ವಕ್ಕೆ ಸರಿಯಬಹುದಿತ್ತು. ಇಂದು ಸರಿಯಲು ಜಾಗವಿಲ್ಲ. ಮಳೆಗಾಲ ಬಂತೆಂದರೆ ಕಡಲ್ಕೊರೆತಕ್ಕೆ ಅಂಜುವ ಉಳ್ಳಾಲದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಷ್ಮೀ ಕೊಳ್ಳದಿಂದ ಎತ್ತಿದ ಆ ಕೆಸರುಗಂಬಗಳು ಈಗ ಕೊಚ್ಚಿಯಲ್ಲಿವೆ. ಆ ಕೊಚ್ಚಿ ನಮ್ಮ ನೆರೆಯ ಕೇರಳದ್ದಲ್ಲ. ಜಪಾನಿನ ಒಂದು ಪಟ್ಟಣ. ಹಿಂದೂ ಮಹಾಸಾಗರದ ಇಂತಹ ಕಂಬಗಳನ್ನು ಅಲ್ಲಿಯ ಶೀತಲ ಉಗ್ರಾಣದಲ್ಲಿಡುವುದು ಅಂತರರಾಷ್ಟ್ರೀಯ ಏರ್ಪಾಡು. ಅಲ್ಲಿ ಪಾಲಿಸುವ ಒಂದು ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು. ಪ್ರತಿಯೊಂದು ಕಂಬವನ್ನೂ ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಹೋಳು ಇಂದಿನ ವಿಜ್ಞಾನಿಗಳ ಪರೀಕ್ಷೆಗೆ. ಇನ್ನೊಂದನ್ನು ದಾಖಲೆಯೆಂದು ಹಾಗೆಯೇ ಎತ್ತಿಡುತ್ತಾರೆ. ಹಕ್ಸ್‌ಲಿಗೆ ಸಮಸ್ಥಾನಿಗಳ ವಿಷಯ ತಿಳಿದಿರಲಿಲ್ಲ. ಮರೆಗೆ ವಿಕಿರಣ ಇಂಗಾಲ ತಿಳಿದಿರಲಿಲ್ಲ. ನಮಗೆ ಇಂದು ಹೊಳೆಯದ ಪ್ರಶ್ನೆಗಳನ್ನು ಕೇಳುವವರು ಮುಂದೆ ಹುಟ್ಟುತ್ತಾರೆ. ಅವರಿಗಾಗಿ ಆ ಅರ್ಧ ಕಡತ ಕಾದಿರುತ್ತದೆ.